ನಾನು ಹೊರಳಿಸಿದ ಹದಿನೆಂಟು ಮೊಟ್ಟೆಗಳು

ದೆಹಲಿಗೆ ಹೊರಡುವ ಮುನ್ನ ನಾನು ಇನ್ನೂರು ಪುಟಗಳ ನೋಟುಪುಸ್ತಕವೊಂದನ್ನು ಕೊಂಡು, ಕೆಂಪು ಶಾಯಿಯಲ್ಲಿ ಅಂಚುಗೆರೆ ಎಳೆದು, ನೋಡತಕ್ಕ ಸ್ಥಳಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದೆ. ಒಟ್ಟು ಇಪ್ಪತ್ತಮೂರು ಸ್ಥಳಗಳು. ಪ್ರತಿಯೊಂದರ ಮುಂದೆಯೂ ಕಟ್ಟಿಸಿದವರು, ಕಾಲ, ಶೈಲಿ, ನನ್ನ ಅಭಿಪ್ರಾಯ ಎಂದು ನಾಲ್ಕು ಅಂಕಣಗಳು. ಊರಿಗೆ ಮರಳಿದಾಗ ‘ನನ್ನ ಅಭಿಪ್ರಾಯ’ದ ಅಂಕಣದಲ್ಲಿ ಎರಡೇ ನಮೂದುಗಳಿದ್ದವು. ಕುತುಬ್ ಮಿನಾರ್: ‘ಎತ್ತರವಾಗಿದೆ.’ ಇಂಡಿಯಾ ಗೇಟ್: ‘ಬಸ್ಸು ನಿಲ್ಲಲಿಲ್ಲ.’ ಪಟ್ಟಿಯ ಮೊದಲನೆಯ ಸಾಲಿನಲ್ಲಿ, ಎರಡು ಬಾರಿ ಅಡಿಗೆರೆ ಎಳೆಸಿಕೊಂಡು ಕುಳಿತಿದ್ದ ತಾಜಮಹಲಿನ ಮುಂದಿನ ಜಾಗ ಇಂದಿಗೂ ಖಾಲಿಯಾಗಿದೆ.

ದೆಹಲಿಗೆ ಹೋದದ್ದನ್ನು ವಿದೇಶಪ್ರವಾಸವೆಂದು ಕರೆದರೆ ಭೂಗೋಳದ ಮೇಷ್ಟರು ಒಪ್ಪಲಾರರು. ಆದರೆ ಹಿರಿಯೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಐವತ್ತನೆಯ ವಯಸ್ಸಿಗೆ ಸ್ವಯಂ ನಿವೃತ್ತಿ ಪಡೆದು, ಆವರೆಗೆ ಚಿತ್ರದುರ್ಗ ಜಿಲ್ಲೆಯ ಹೊರಗೆ ಮೂರು ರಾತ್ರಿಗಳನ್ನೂ ಕಳೆಯದಿದ್ದ ನನಗೆ ಅದು ಪಾಸ್‌ಪೋರ್ಟ್ ಕೇಳದ ಪರದೇಶವೇ ಆಗಿತ್ತು.

ನಿಜಾಮುದ್ದೀನ್ ನಿಲ್ದಾಣ

ನನ್ನನ್ನು ಕರೆದೊಯ್ಯಲು ಬಂದವಳು ರೆಹಾನಾ. ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ನನ್ನ ವಿದ್ಯಾರ್ಥಿನಿ. ಮೂರು ವರ್ಷವೂ ತರಗತಿಯ ಮಾನಿಟರ್. ಈಗ ದೆಹಲಿಯ ದಕ್ಷಿಣ ತುದಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌.ಡಿ.ಯ ಐದನೆಯ ವರ್ಷದಲ್ಲಿದ್ದಳು. ಜೊತೆಯಲ್ಲಿದ್ದ ಗೆಳತಿ ಊರಿಗೆ ಹೋಗಿ ಮಂಚವೊಂದು ತೆರವಾಗಿದೆ, ಚಳಿ ಮುಗಿಯುವ ಮೊದಲೇ ಬನ್ನಿ ಎಂದು ಆಕೆಯೇ ಪತ್ರ ಬರೆದಿದ್ದಳು. ಆ ಪತ್ರದಲ್ಲಿದ್ದ ನಾಲ್ಕು ತಪ್ಪುಗಳನ್ನು ನಾನು ತಿದ್ದಿ, ಕೈಚೀಲದಲ್ಲಿಟ್ಟುಕೊಂಡೇ ಬಂದಿದ್ದೆ.

ಹಿಂದಿಯ ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಮುಗಿಸಿದವಳೆಂಬ ಹೆಮ್ಮೆ ನನಗಿತ್ತು. ರೆಹಾನಾ ಬಾಯಿ ತೆರೆಯುವ ಮೊದಲೇ ಆಟೋದವನ ಮುಂದೆ ನಿಂತು, “ಮಹೋದಯ, ಕ್ಯಾ ಆಪ್ ಹಮೇಂ ಲಕ್ಷ್ಮೀ ನಗರ ತಕ್ ಪಹುಂಚಾನೇ ಕೀ ಕೃಪಾ ಕರೇಂಗೇ?” ಎಂದು ರೆಹಾನಾಳ ಮನೆಯಿದ್ದ ಬಡಾವಣೆಗೆ ಮುಟ್ಟಿಸುವ ಕೃಪೆಯನ್ನು ವಿನಂತಿಸಿಕೊಂಡೆ.

ಆತ ತನ್ನ ಬೆನ್ನ ಹಿಂದೆ ಯಾವ ಮಹೋದಯ ನಿಂತಿದ್ದಾನೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಅನಂತರ ಬೀಡಿಯನ್ನು ಎಸೆದು, ಕೈಮುಗಿದು, “ಮಾತಾಜೀ, ಆಪ್ ಟಿವಿ ಮೇಂ ಆತೀ ಹೈಂ ಕ್ಯಾ?” ಎಂದ. ನಾನು ಟಿವಿಯಲ್ಲಿ ಬರುವವಳೇ ಎಂದು ಅವನ ಸಂದೇಹ.

“ಟೀಚರ್, ಇಲ್ಲಿ ‘ಭಯ್ಯಾ, ಲಕ್ಷ್ಮೀ ನಗರ್’ ಅಂದ್ರೆ ಸಾಕು,” ಎಂದಳು ರೆಹಾನಾ, ನಗುವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು. “ಕೃಪಾ ಎಲ್ಲ ಮಾಡೋಕೆ ಅವರಿಗೆ ಟೈಮ್ ಇರಲ್ಲ.”

ಲಕ್ಷ್ಮೀ ನಗರದ ತಾರಸಿ

ರಸ್ತೆಯ ನಡುವೆ ಮೆಟ್ರೋದ ಕಂಬಗಳು ಏಳುತ್ತಿದ್ದವು. ಕಟ್ಟಡಗಳ ಮೈತುಂಬ ಕೋಚಿಂಗ್ ತರಗತಿಗಳ ಫಲಕಗಳು. ಒಂದು ಕಿಟಕಿಯನ್ನಾದರೂ ಗಾಳಿಗೆಂದು ಬಿಟ್ಟಿರಲಿಲ್ಲ. ನಮ್ಮ ಊರಿನಲ್ಲಿ ಮಕ್ಕಳನ್ನು ಹೆದರಿಸಿ ಓದಿಸುತ್ತೇವೆ, ಇಲ್ಲಿ ಗೋಡೆಗಳೇ ಆ ಕೆಲಸವನ್ನು ವಹಿಸಿಕೊಂಡಿವೆ ಎಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಆದರೆ ಇಲ್ಲಿನ ಜನರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಚಳಿಗಾಲದಲ್ಲಿ ಹೆಂಗಸರೆಲ್ಲ ತಾರಸಿಗೆ ಏರಿ, ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಬಟಾಣಿ ಸುಲಿಯುತ್ತಾರೆ. ಸುಲಿಯುವುದು ನೆಪ, ಬೆನ್ನು ಕಾಯಿಸುವುದೇ ಕಾರ್ಯ.

ಶನಿವಾರ ನಾವಿಬ್ಬರೂ ಹಾಗೆಯೇ ಕುಳಿತಿದ್ದಾಗ, ನೀನು ಐದು ವರ್ಷದಿಂದ ಮಾಡುತ್ತಿರುವುದಾದರೂ ಏನು ಎಂದು ಕೇಳಿದೆ.

ರೆಹಾನಾ ಬಟಾಣಿಯ ಸಿಪ್ಪೆಯೊಂದನ್ನು ಎತ್ತಿ ಹಿಡಿದಳು. “ಕರುಳು ಅಂದ್ರೆ ಮೊದಮೊದಲು ಬರೀ ಇಂಥ ಒಂದು ಕೊಳವೆ, ಟೀಚರ್. ಅದರ ಗೋಡೆಯಿಂದ ಒಂದು ಮೊಗ್ಗು ಹೊರಗೆ ಬರುತ್ತೆ. ಅದು ಬೆಳೆದು ಮೇದೋಜೀರಕ ಗ್ರಂಥಿ ಆಗುತ್ತೆ.”

“ಇನ್ಸುಲಿನ್ ಸ್ರವಿಸುವಂಥದು,” ಎಂದೆ, ಪಠ್ಯಪುಸ್ತಕದ ನೆನಪಿನಿಂದ.

“ಹಾಂ. ಆದ್ರೆ ಆ ಗೋಡೆಯಲ್ಲಿ ಶುರುವಲ್ಲಿ ಎಲ್ಲಾ ಕೋಶಾನೂ ಒಂದೇ ಥರ. ಆಮೇಲೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಒಂದು ಜೀನ್ ಸ್ವಲ್ಪ ಹೊತ್ತು ಎಚ್ಚರ ಆಗಿ ಮತ್ತೆ ಮಲಗುತ್ತೆ. ಎಚ್ಚರ ಆದ ಕೋಶ ಹಾರ್ಮೋನ್ ಮಾಡೋ ಕೋಶ ಆಗಿಬಿಡುತ್ತೆ. ಆಗ್ತಾ ಆಗ್ತಾನೇ ಅಕ್ಕಪಕ್ಕದವಕ್ಕೆ ‘ನೀವು ಬೇಡ, ಸುಮ್ಮನಿರಿ’ ಅಂತ ಹೇಳುತ್ತೆ.”

“ಕೋಶವು ಹೇಳುತ್ತದೆಯೆ?”

“ಮುಟ್ಟಿ ಹೇಳುತ್ತೆ. ಪಕ್ಕದಲ್ಲಿ ಅಂಟಿಕೊಂಡಿರೋದಕ್ಕೆ ಮಾತ್ರ ಗೊತ್ತಾಗುತ್ತೆ.”

“ಬೇಡವೆನ್ನುವುದು ಏಕೆ? ಎಲ್ಲವೂ ಹಾರ್ಮೋನು ತಯಾರಿಸಿದರೆ ಒಳ್ಳೆಯದೇ ಅಲ್ಲವೆ?”

“ಒಂದು ಸಲ ಹಾಗಾದ ಕೋಶ ಮತ್ತೆ ಎರಡಾಗಲ್ಲ, ಟೀಚರ್. ಎಲ್ಲವೂ ಅವಸರದಲ್ಲಿ ಹಾಗೇ ಆಗಿಬಿಟ್ರೆ ಬೆಳೆಯೋಕೆ ಯಾರೂ ಉಳಿಯಲ್ಲ. ಗ್ರಂಥಿ ಅಷ್ಟಕ್ಕೇ ನಿಂತುಹೋಗುತ್ತೆ. ನೀವು ಕ್ಲಾಸಲ್ಲಿ ನನ್ನ ಒಬ್ಬಳನ್ನ ಮಾನಿಟರ್ ಮಾಡಿ ಮಿಕ್ಕವರನ್ನ ಕೂರಿಸ್ತಿದ್ರಲ್ಲ, ಹಂಗೆ.”

“ನೀನು ಯಾರನ್ನೂ ಮುಟ್ಟಿ ಹೇಳುತ್ತಿರಲಿಲ್ಲ.”

“ಮುಟ್ತಿದ್ದೆ ಟೀಚರ್. ನಿಮ್ಮ ಸ್ಕೇಲಿಂದ.”

ಇದನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಮುಂದಿನ ವಿಷಯ ಇನ್ನೂ ಸ್ವಾರಸ್ಯಕರವಾಗಿತ್ತು. ಕರುಳಿನಲ್ಲಿ ಈ ಹಾರ್ಮೋನು ಕೋಶಗಳು ಗೋಡೆಯಲ್ಲಿಯೇ ಒಂಟಿಯಾಗಿ, ಒಂದರಿಂದೊಂದು ದೂರದಲ್ಲಿ ಉಳಿದುಬಿಡುತ್ತವಂತೆ. ಮೇದೋಜೀರಕದಲ್ಲಾದರೋ ಗೋಡೆಯನ್ನು ತೊರೆದು ಹೊರಬಂದು, ಗುಂಪು ಕಟ್ಟಿಕೊಂಡು, ದ್ವೀಪಗಳಂತೆ ನೆಲೆಸುತ್ತವಂತೆ.

“ಕರುಳಿನವು ಲಕ್ಷ್ಮೀ ನಗರದ ನನ್ನ ಥರ,” ಎಂದಳು ರೆಹಾನಾ. “ಮೇದೋಜೀರಕದವು ಜನಕಪುರಿ ಬಡಾವಣೆಯ ಕನ್ನಡದವರ ಥರ. ಒಂದು ಮನೇಲಿ ಒಗ್ಗರಣೆ ಹಾಕಿದ್ರೆ ನಾಲ್ಕು ಮನೆಯವರು ಬಂದು ಕೂತಿರ್ತಾರೆ.”

ಕರುಳಿನ ಗೋಡೆಯ ಸಾಮಾನ್ಯ ಕೋಶಗಳೊಳಕ್ಕೆ ಆ ಜೀನನ್ನು ನಾವೇ ಸೇರಿಸಿದರೆ ಅವು ಗೋಡೆಯಲ್ಲಿಯೇ ಒಂಟಿಯಾಗಿ ಉಳಿಯುತ್ತವೆಯೊ, ಹೊರಬಂದು ಗುಂಪು ಕಟ್ಟುತ್ತವೆಯೊ? ಇದು ಆಕೆಯ ಪ್ರಶ್ನೆ. ಅದಕ್ಕಾಗಿ ಹದಿನೆಂಟು ಕೋಳಿಮೊಟ್ಟೆಗಳ ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದು, ಒಳಗಿನ ಭ್ರೂಣದ ಕರುಳಿಗೆ ಜೀನನ್ನು ಸೇರಿಸಿ, ಕಿಟಕಿಗೆ ಸೆಲ್ಲೋಟೇಪ್ ಅಂಟಿಸಿ, ಮತ್ತೆ ಶಾಖಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಸೋಮವಾರ ಅವನ್ನು ತೆರೆಯಬೇಕು. ಅದಾದ ಹತ್ತನೆಯ ದಿನ, ಗುರುವಾರ, ಸಮಿತಿಯ ಮುಂದೆ ಚಿತ್ರಗಳನ್ನು ತೋರಿಸಬೇಕು. ಆಕೆಯ ಮಾರ್ಗದರ್ಶಕರು ಅದರ ಮರುವಾರವೇ ಒಂದು ವರ್ಷದ ಮಟ್ಟಿಗೆ ವಿದೇಶಕ್ಕೆ ಹೊರಡುವವರಿದ್ದರು. ಗುರುವಾರ ತಪ್ಪಿದರೆ ಪ್ರಬಂಧವೂ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು.

“ಮಂಗಳವಾರ ನಾವಿಬ್ರೂ ತಾಜಮಹಲಿಗೆ. ಪಕ್ಕಾ,” ಎಂದಳು.

ಭಾನುವಾರ, ಪ್ರಯೋಗಾಲಯ

ಮೊಟ್ಟೆಗಳಿಗೆ ಭಾನುವಾರದ ರಜೆ ಇಲ್ಲ. ಶಾಖಪೆಟ್ಟಿಗೆಯನ್ನು ಒಮ್ಮೆ ನೋಡಿಬರಲೇಬೇಕೆಂದು ರೆಹಾನಾ ಹೊರಟಾಗ ನಾನೂ ಹೊರಟೆ. ಗಾಜಿನ ಬಾಗಿಲಿನ, ಸಣ್ಣ ಬೀರುವಿನಷ್ಟು ಎತ್ತರದ ಪೆಟ್ಟಿಗೆ ಅದು. ಅದರ ಮುಂದೆ ನನಗೊಂದು ಕುರ್ಚಿ ಹಾಕಿ, “ನೋಡ್ತಾ ಇರಿ ಟೀಚರ್, ಹತ್ತು ನಿಮಿಷದಲ್ಲಿ ಬಂದೆ,” ಎಂದು ಮಹಡಿಗೆ ಹೋದಳು.

ನಾನು ನೋಡುತ್ತ ಕುಳಿತೆ. ಹದಿನೆಂಟು ಮೊಟ್ಟೆಗಳು ಮಗ್ಗುಲಾಗಿ ಮಲಗಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ಟೇಪು. ಟೇಪಿನ ಪಕ್ಕದಲ್ಲಿ ಪೆನ್ಸಿಲಿನ ಸಂಖ್ಯೆ. ಕುಳಿತಲ್ಲಿಂದ ಒಂದು ಸಂಖ್ಯೆಯೂ ಓದಲು ಬರುತ್ತಿರಲಿಲ್ಲ. ಸಂಖ್ಯೆಯನ್ನು ಓದುವವರತ್ತ ಮುಖ ಮಾಡಿಸದೆ ಛಾವಣಿಯತ್ತ ಮಾಡಿಸುವುದು ಎಂಥ ಪದ್ಧತಿ? ಇಪ್ಪತ್ತಾರು ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ ಸಾಲುಗಳನ್ನು ನೇರಗೊಳಿಸಿದ ಕೈಗಳು ನನ್ನವು. ಗ್ರಂಥಾಲಯದ ಪುಸ್ತಕಗಳ ಬೆನ್ನುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದ ಕೈಗಳು. ಅವು ತಮ್ಮಷ್ಟಕ್ಕೆ ತಾವೇ ಬಾಗಿಲು ತೆರೆದವು.

ಹುಟ್ಟಿದಂದಿನಿಂದ ಮೊಟ್ಟೆಯನ್ನು ಮುಟ್ಟಿದವಳಲ್ಲ ನಾನು. ಆದ್ದರಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಂದೊಂದನ್ನೂ ಕಾಲುಸುತ್ತು ನನ್ನತ್ತ ಹೊರಳಿಸಿದೆ. ಒಂದರಿಂದ ಹದಿನೆಂಟರವರೆಗೆ ಸಂಖ್ಯೆಗಳು ಬಾಗಿಲಿಗೆ ಮುಖ ಮಾಡಿ ನಿಂತವು. ಟೇಪು ಅಂಟಿಸಿದ ಕಿಟಕಿಗಳೂ ಅವುಗಳೊಡನೆಯೇ ಬಾಗಿಲಿಗೆ ಮುಖ ಮಾಡಿದವೆಂಬುದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಅದರಲ್ಲಿ ನನಗೆ ಅಂದವೇ ಕಂಡಿತು. ಬಾಗಿಲು ಮುಚ್ಚಿ, ಪರೀಕ್ಷೆಯ ಹಾಲ್‌ನಲ್ಲಿ ನಿಂತಂತೆ ಕೈಕಟ್ಟಿ ನಿಂತೆ. ರೆಹಾನಾ ಬಂದವಳು ದೂರದಿಂದಲೇ ಉಷ್ಣಮಾಪಕವನ್ನು ನೋಡಿ, “ಚಲೋ ಟೀಚರ್,” ಎಂದಳು. ಹೊರಟೆವು. ದಾರಿಯುದ್ದಕ್ಕೂ ನಾಳೆ ಅವಳಿಗೆ ಆಗಲಿರುವ ಸಂತೋಷವನ್ನು ನೆನೆದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಸೋಮವಾರ, ಅದೇ ಕೊಠಡಿ

ಬೆಳಿಗ್ಗೆ ರೆಹಾನಾ ಬಾಗಿಲು ತೆರೆದವಳು ಅಲ್ಲಿಯೇ ನಿಂತಳು. ಟೇಪುಗಳ ಅಂಚಿನಿಂದ ಬಿಳಿಲೋಳೆ ಸೋರಿ, ತಟ್ಟೆಯಲ್ಲಿ ಹರಿದು, ಒಣಗಿ, ಅಂಟಿನಂತೆ ಹೊಳೆಯುತ್ತಿತ್ತು. ಒಂದು ಮೊಟ್ಟೆಯನ್ನು ಎತ್ತಿ, ಟೇಪು ಬಿಡಿಸಿ ಒಳಗೆ ನೋಡಿದಳು. ಎರಡನೆಯದನ್ನೂ ನೋಡಿದಳು. ಭ್ರೂಣಗಳು ಟೇಪಿಗೆ ಅಂಟಿಕೊಂಡು ಸತ್ತಿದ್ದವು. ಹದಿನೆಂಟನೆಯದರವರೆಗೂ ಒಂದೊಂದನ್ನೇ ಇಳಿಸಿ ನೋಡಿದಳು. ಅನಂತರ ಕೂಗಿದಳು: “ರಾಮ್‌ಕಿಶನ್ ಭಯ್ಯಾ!”

ರಾಮ್‌ಕಿಶನ್ ಆ ಪ್ರಯೋಗಾಲಯದ ಸಹಾಯಕ. ನನಗಿಂತ ಹಿರಿಯ, ಮಫ್ಲರ್ ಸುತ್ತಿದ ತಲೆ, ಕೈಯಲ್ಲಿ ಆಗತಾನೆ ಬಗ್ಗಿಸಿಕೊಂಡ ಚಹಾ. ಭಾನುವಾರ ಸಂಜೆ ಶಾಖಪೆಟ್ಟಿಗೆಗೆ ನೀರು ತುಂಬಿದವನು ಅವನೇ.

“ದೀದಿ, ನೀರು ಹಾಕಿದೆ ಅಷ್ಟೇ. ತಟ್ಟೆ ಮುಟ್ಟಿಲ್ಲ,” ಎಂದ ಹಿಂದಿಯಲ್ಲಿ.

“ಮುಟ್ಟದೆ ಹದಿನೆಂಟೂ ತಾವಾಗೇ ತಿರುಗಿದ್ವಾ? ಟೇಪು ಮೇಲೇ ಇರಬೇಕು ಅಂತ ಎಷ್ಟು ಸಲ ಹೇಳಿದೀನಿ! ಇನ್ನು ನಾನು ಸರ್‌ಗೆ ಏನು ಹೇಳಲಿ?”

“ಮಕ್ಕಳ ಆಣೆ, ದೀದಿ.”

ಇಲ್ಲಿ ನಾನು ಏನು ಮಾಡಿದೆನೆಂದು ಓದುಗರು ಊಹಿಸಬಹುದು. ತಪ್ಪನ್ನು ತಾನಾಗಿ ಒಪ್ಪಿಕೊಳ್ಳದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು, ಸತ್ಯವನ್ನು ಕುರಿತು ವರ್ಷಕ್ಕೊಮ್ಮೆಯಾದರೂ ಪ್ರಬಂಧ ಬರೆಸುತ್ತಿದ್ದವಳು, ಗೋಡೆಯ ಗಡಿಯಾರವನ್ನು ನೋಡುತ್ತ ನಿಂತೆ. ಏಳು ನಿಮಿಷ. ಆ ಗಡಿಯಾರ ಬಾಗಿ ತೂಗುತ್ತಿದೆ, ಯಾರೂ ನೇರ ಮಾಡಿಲ್ಲ ಎಂದೂ ಆ ಏಳು ನಿಮಿಷಗಳಲ್ಲಿ ನನಗೆ ಹೊಳೆಯಿತು. ರಾಮ್‌ಕಿಶನ್ ತಲೆ ತಗ್ಗಿಸಿದ. ಅವನ ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು.

“ರೆಹಾನಾ, ಹೊರಳಿಸಿದವಳು ನಾನು,” ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಸಂಖ್ಯೆಗಳು ಕಾಣುತ್ತಿರಲಿಲ್ಲವೆಂದು, ಸೆರಗಿನಿಂದ, ಕಾಲುಸುತ್ತು ಎಂದು ಪೂರ್ಣ ವಾಕ್ಯಗಳಲ್ಲಿ ವಿವರಿಸಿದೆ. ಆಕೆ ನನ್ನ ಮುಖವನ್ನೇ ನೋಡಿದಳು. ಅನಂತರ ವರಾಂಡಕ್ಕೆ ಹೋಗಿ ಕಂಬವೊಂದಕ್ಕೆ ಹಣೆಯಿಟ್ಟು ನಿಂತಳು. ಬೈದಿದ್ದರೆ ಸಹಿಸಬಹುದಾಗಿತ್ತು.

ನಾನು ರಾಮ್‌ಕಿಶನ್‌ನತ್ತ ತಿರುಗಿ, ನನಗೆ ಬರುವ ಅತ್ಯುತ್ತಮ ಹಿಂದಿಯಲ್ಲಿ ಕ್ಷಮೆ ಬೇಡಿದೆ. ಆತ ಪೂರ್ತಿಯಾಗಿ ಕೇಳಿಸಿಕೊಂಡು, ಲೋಟವನ್ನು ನೋಡಿ, “ಏಳು ನಿಮಿಷ ಮುಂಚೆ ಹೇಳಿದ್ರೆ ಚಾಯ್ ಆದ್ರೂ ಬಿಸಿ ಇರ್ತಿತ್ತು, ಮಾತಾಜೀ,” ಎಂದ. ಅವನೂ ಗಡಿಯಾರವನ್ನು ನೋಡುತ್ತಿದ್ದನೆಂಬುದು ನನಗೆ ತಿಳಿದಿರಲಿಲ್ಲ.

ಗುಡಗಾಂವಿನಾಚೆ

ಒಳಗೆ ಬಂದಾಗ ರೆಹಾನಾಳ ಕಣ್ಣುಗಳು ಕೆಂಪಾಗಿದ್ದವು. ಆದರೆ ಬೆರಳುಗಳು ಆಗಲೇ ದಿನಗಳನ್ನು ಎಣಿಸುತ್ತಿದ್ದವು. ಹೊಸ ಮೊಟ್ಟೆಗಳನ್ನು ಇಂದು ಸಂಜೆಯೇ ಇಟ್ಟರೆ ಗುರುವಾರ ಬೆಳಿಗ್ಗೆ ಜೀನ್ ಸೇರಿಸಬಹುದು, ಭಾನುವಾರ ತೆರೆಯಬಹುದು, ಬುಧವಾರದೊಳಗೆ ಚಿತ್ರ ಸಿದ್ಧ. ನಾಳೆಗೆ ಬಿಟ್ಟರೆ ಆಗದು. ಇದಕ್ಕೆ ಅಂಗಡಿಯ ಮೊಟ್ಟೆಗಳು ಬರುವುದಿಲ್ಲ. ಅವುಗಳಲ್ಲಿ ಮರಿಯಾಗುವ ಜೀವವಿರುವುದಿಲ್ಲ. ಫಲಿತ ಮೊಟ್ಟೆಗಳನ್ನು ಕೊಡುವ ಸಾಕಣೆಕೇಂದ್ರ ಗುಡಗಾಂವಿನ ಆಚೆಗಿತ್ತು. ಅವರ ಗಾಡಿ ಬರುವುದು ಬುಧವಾರ ಮಾತ್ರ. ರೆಹಾನಾ ಸ್ಥಳ ಬಿಟ್ಟು ಕದಲುವಂತಿರಲಿಲ್ಲ.

“ನಾನು ತರುತ್ತೇನೆ,” ಎಂದೆ.

ಇಬ್ಬರೂ ಗಾಬರಿಯಾದರು. ಕೊನೆಗೆ ರಾಮ್‌ಕಿಶನ್, “ನಾನೂ ಹೋಗ್ತೀನಿ ದೀದಿ. ಮಾತಾಜಿಯನ್ನ ಒಬ್ಬರನ್ನೇ ಬಿಟ್ರೆ ಕೋಳಿಗಳನ್ನೂ ಸಾಲಾಗಿ ನಿಲ್ಲಿಸಿಬಿಡ್ತಾರೆ,” ಎಂದ.

ಹೋಗುವಾಗ ಬಸ್ಸಿನ ಕಿಟಕಿಯಿಂದ ಕುತುಬ್ ಮಿನಾರ್ ಕಂಡಿತು. ನೋಟುಪುಸ್ತಕ ತೆರೆದು ಮೇಲೆ ಹೇಳಿದ ಅಭಿಪ್ರಾಯವನ್ನು ಬರೆದೆ. ಬರುವಾಗ ನನ್ನ ತೊಡೆಯ ಮೇಲೆ ಹದಿನೆಂಟು, ರಾಮ್‌ಕಿಶನ್‌ನ ತೊಡೆಯ ಮೇಲೆ ಹದಿನೆಂಟು, ಎಲ್ಲವೂ ದಪ್ಪ ತುದಿ ಮೇಲಾಗಿ, ಕಾಗದದ ತಟ್ಟೆಗಳಲ್ಲಿ. ದಾರಿಯೆಲ್ಲ ಅಗೆತ. ಕೈ ತಗುಲದಂತೆ ಸೆರಗು ಸುತ್ತಿಕೊಳ್ಳುವುದು ಎಲ್ಲಿ ಬಂತು? ಎರಡು ಕೈಗಳಿಂದಲೂ ಅವುಗಳನ್ನು ಅಪ್ಪಿಕೊಂಡಿದ್ದೆ.

“ಹಾಗೆ ನೆಟ್ಟಗೆ ಕೂರಬೇಡಿ ಮಾತಾಜೀ! ಮೊಣಕಾಲು ಸಡಿಲ ಬಿಡಿ. ಗಾಡಿ ಕುಣಿದ್ರೆ ನೀವೂ ಕುಣೀರಿ.”

ಬೆನ್ನು ಬಾಗಿಸಿ ಕುಳಿತ ಮಕ್ಕಳ ಬೆನ್ನಿಗೆ ಸ್ಕೇಲು ಹಿಡಿದವಳು ನಾನು. ಹರಿಯಾಣದ ಬಸ್ಸೊಂದರಲ್ಲಿ, ತುಂಬಿದ ಜನರ ನಡುವೆ, ಹಳ್ಳ ಬಂದಾಗಲೆಲ್ಲ ಅಳ್ಳಕವಾಗಿ ಕುಣಿದೆ. ಎದುರು ಸೀಟಿನ ಮುದುಕನೊಬ್ಬ ಹುಕ್ಕಾ ಸೇದಿ ಕಂದಿದ ಮೀಸೆಯಡಿಯಲ್ಲಿ ನಗುತ್ತ, “ತಾಯೀ, ಇಳಿಯೋದ್ರೊಳಗೆ ಮರಿ ಮಾಡಿಸ್ತೀಯಾ?” ಎಂದು ಕೇಳಿದ.

ಚಳಿಗೆ ಮೊಟ್ಟೆಗಳಿಗೆ ಏನಾದೀತೋ ಎಂದು ನನ್ನ ಶಾಲನ್ನು ಹೊದಿಸಹೋದೆ. ರಾಮ್‌ಕಿಶನ್ ತಡೆದ. ಬೆಚ್ಚಗಾದರೆ ಭ್ರೂಣ ಇಲ್ಲಿಂದಲೇ ಬೆಳೆಯತೊಡಗುತ್ತದೆ, ದೀದಿಯ ಗಂಟೆಗಳ ಲೆಕ್ಕವೆಲ್ಲ ತಪ್ಪುತ್ತದೆ ಎಂದ. “ಅವು ತಣ್ಣಗೆ ಮಲಗಿರಲಿ. ನಿಮ್ಮ ಪ್ರೀತಿ ಈಗ ಬೇಡ.”

ಶಾಲನ್ನು ನಾನೇ ಹೊದ್ದುಕೊಂಡೆ. ಮೂವತ್ತಾರರಲ್ಲಿ ಒಂದೂ ಒಡೆಯಲಿಲ್ಲ.

ಸೀಮೆಸುಣ್ಣದ ಗೆರೆ

ನೀವಾದರೂ ತಾಜಮಹಲು ನೋಡಿಬನ್ನಿ ಎಂದು ರೆಹಾನಾ ಮಂಗಳವಾರ ಬೇಡಿಕೊಂಡಳು. ಆಕೆಯ ಬೇಡಿಕೆಯಲ್ಲಿದ್ದ ತೀವ್ರತೆಯ ಕಾರಣ ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಹೋಗಲಾಗಲಿಲ್ಲ, ಮನಸ್ಸು ಪೆಟ್ಟಿಗೆಯ ಬಳಿಯೇ ಇತ್ತು. ದಿನವೂ ಅವಳೊಡನೆ ಬರುತ್ತಿದ್ದೆ. ಶಾಖಪೆಟ್ಟಿಗೆಯಿಂದ ನಾಲ್ಕು ಮಾರು ದೂರದಲ್ಲಿ ರಾಮ್‌ಕಿಶನ್ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಆಚೆ ನನ್ನ ಕುರ್ಚಿಯನ್ನು ಹಾಕಿದ. ಗೆರೆ ನೇರವಾಗಿರಲಿಲ್ಲ. ನಾನು ಏನೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ರೆಹಾನಾ ಉಸಿರು ಬಿಗಿಹಿಡಿದು ಒಂದೊಂದಾಗಿ ಕಿಟಕಿ ಕೊರೆದು, ಜೀನ್ ಸೇರಿಸಿ, ಟೇಪು ಅಂಟಿಸಿದಳು. ಸಂಖ್ಯೆ ಬರೆಯುವಾಗ ನನ್ನತ್ತ ನೋಡಿ, ಪ್ರತಿ ಮೊಟ್ಟೆಗೂ ನೆತ್ತಿಯಲ್ಲೊಂದು, ಪಕ್ಕದಲ್ಲೊಂದು, ಹೀಗೆ ಎರಡೆರಡು ಕಡೆ ಬರೆದಳು. “ಪಕ್ಕದ್ದು ನಿಮಗೆ, ಟೀಚರ್. ಕೂತಲ್ಲಿಂದಲೇ ಓದಬಹುದು,” ಎಂದಳು. ಸೋಮವಾರದ ಬಳಿಕ ಆಕೆ ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು. ನನಗೆ ಅಳು ಬಂತು. ಚಳಿಗೆ ಮೂಗು ಸೋರುತ್ತಿದೆಯೆಂದೆ.

ಭಾನುವಾರ ತೆರೆದಾಗ ಹನ್ನೊಂದು ಭ್ರೂಣಗಳು ಬದುಕಿದ್ದವು. ಮುಂದಿನ ಮೂರು ದಿನ ಆಕೆ ಕರುಳುಗಳನ್ನು ತೆಳುವಾಗಿ ಹೆಚ್ಚಿ, ಬಣ್ಣ ಕಟ್ಟಿ, ಕತ್ತಲೆಕೋಣೆಯ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬುಧವಾರ ನನ್ನನ್ನು ಗೆರೆ ದಾಟಿಸಿ ಒಳಗೆ ಕರೆದಳು; ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಳ್ಳಬೇಕೆಂಬ ಕರಾರಿನ ಮೇಲೆ. ಜೀನ್ ಪಡೆದ ಕೋಶಗಳು ಹಸುರಾಗಿ ಹೊಳೆಯುವಂತೆ ಮೊದಲೇ ಏರ್ಪಡಿಸಿದ್ದಳು. ಕಪ್ಪು ಹಿನ್ನೆಲೆಯಲ್ಲಿ ಕರುಳಿನ ಗೋಡೆ ಮಸುಕಾಗಿ ಕಾಣುತ್ತಿತ್ತು. ಹಸುರು ಕೋಶಗಳು ಅದನ್ನು ತೊರೆದು ಹೊರಗೆ ಬಂದಿದ್ದವು. ಇಲ್ಲಿ ಮೂರು, ಅಲ್ಲಿ ಐದು, ಮೈಗೆ ಮೈ ತಾಗಿಸಿ ಕುಳಿತಿದ್ದವು.

“ಜನಕಪುರಿ,” ಎಂದೆ.

“ಹೂಂ ಟೀಚರ್. ಜನಕಪುರಿ.”

ಗುರುವಾರ

ಸಭಾಂಗಣದ ಕೊನೆಯ ಸಾಲಿನಲ್ಲಿ ನಾನು, ಪಕ್ಕದಲ್ಲಿ ಚಹಾದ ಕೆಟಲಿನೊಡನೆ ರಾಮ್‌ಕಿಶನ್. ರೆಹಾನಾ ಚೆನ್ನಾಗಿ ಮಾತಾಡಿದಳು. ಚಿತ್ರಗಳು ಬಂದಾಗ ಮುಂದಿನ ಸಾಲಿನವರು ಕುರ್ಚಿಯ ಅಂಚಿಗೆ ಸರಿದರು. ಆಮೇಲೆ ಸಮಿತಿಯ ಅಧ್ಯಕ್ಷರು, ನರೆತ ಹುಬ್ಬಿನವರು, ಕನ್ನಡಕ ಏರಿಸಿ ಪಟ್ಟಿಯೊಂದರತ್ತ ಬೆರಳು ತೋರಿದರು.

“ಮೊದಲ ಬ್ಯಾಚಿನ ಹದಿನೆಂಟನ್ನೂ ಕೈಬಿಟ್ಟಿದ್ದೀರಿ. ಕಾರಣ, ‘ಮೊಟ್ಟೆಗಳು ಹೊರಳಿದ್ದರಿಂದ’. ಹದಿನೆಂಟೂ ಒಟ್ಟಿಗೆ ಹೊರಳಿದವೆ? ನಿಮಗೆ ಬೇಡವಾದ ಫಲಿತಾಂಶ ಬಂದುದರಿಂದ ಕೈಬಿಟ್ಟಿರಿ ಎಂದು ನಾವು ತಿಳಿದರೆ?”

ರೆಹಾನಾ ಪಟ್ಟಿಯತ್ತ ಒಮ್ಮೆ ನೋಡಿದಳು. ಆಕೆ ನನ್ನತ್ತ ನೋಡಲಿಲ್ಲ. ನೋಡಬಾರದೆಂದೇ ಎದುರುಗೋಡೆಯನ್ನು ನೋಡುತ್ತಿದ್ದಳು. ತನ್ನ ಐದು ವರ್ಷವನ್ನಾದರೂ ಪಣಕ್ಕಿಡುವಳೇ ಹೊರತು ಟೀಚರನ್ನು ಎದ್ದುನಿಲ್ಲಿಸಲಾರಳು ಎಂದು ತಿಳಿಯಿತು.

ಈ ಬಾರಿ ನಾನು ಗಡಿಯಾರವನ್ನು ನೋಡಲಿಲ್ಲ. ಎದ್ದುನಿಂತೆ. ಅಭ್ಯಾಸಬಲದಿಂದ ಕೈಗಳು ತಾವಾಗಿ ಎದೆಯ ಮೇಲೆ ಕಟ್ಟಿಕೊಂಡವು.

“ಮಹೋದಯ,” ಎಂದೆ ಹಿಂದಿಯಲ್ಲಿ, “ಹದಿನೆಂಟೂ ಒಟ್ಟಿಗೆ ಹೊರಳಿದ್ದು ನಿಜ. ಹೊರಳಿಸಿದ್ದು ನಾನು. ಸಂಖ್ಯೆಗಳು ಕಾಣುತ್ತಿರಲಿಲ್ಲ.”

ಹುಬ್ಬುಗಳು ಮೇಲೇರಿದವು. “ತಾವು ಯಾವ ವಿಭಾಗದವರು?”

“ಯಾವ ವಿಭಾಗದವಳೂ ಅಲ್ಲ. ನಾನು ಪ್ರವಾಸಿ.”

ಮೊದಲು ನಕ್ಕವರು ರೆಹಾನಾಳ ಮಾರ್ಗದರ್ಶಕರು. ಅನಂತರ ಸಭೆಯೇ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಯಾವ ದಿಕ್ಕಿಗೆ, ಎಷ್ಟು, ಯಾವ ಹೊತ್ತಿನಲ್ಲಿ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ನನ್ನ ಉತ್ತರಗಳನ್ನೆಲ್ಲ ಬರೆದುಕೊಂಡರು. ಅಷ್ಟು ಕ್ರಮಬದ್ಧವಾಗಿ ನನ್ನನ್ನು ಯಾರೂ ವಿಚಾರಿಸಿರಲಿಲ್ಲ. ಅವರು ನನಗೆ ಮೆಚ್ಚುಗೆಯಾದರು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, “ಕುಳಿತುಕೊಳ್ಳಿ. ಪ್ರಬಂಧವನ್ನು ಸಲ್ಲಿಸಬಹುದು,” ಎಂದರು. ಎರಡು ವಾಕ್ಯಗಳಲ್ಲಿ ಮೊದಲನೆಯದು ನನಗೆ, ಎರಡನೆಯದು ರೆಹಾನಾಳಿಗೆ.

ಕುಳಿತಾಗ ಕೈಗೆ ಲೋಟವೊಂದು ಬಂತು. “ಕುಡೀರಿ ಮಾತಾಜೀ,” ಎಂದ ರಾಮ್‌ಕಿಶನ್. “ಇವತ್ತು ಬಿಸಿ ಇದೆ.”

ಹಿರಿಯೂರು

ರೈಲು ಹೊರಡುವಾಗ ರೆಹಾನಾ ಲಕೋಟೆಯೊಂದನ್ನು ಕಿಟಕಿಯಿಂದ ಒಳಗೆ ತೂರಿಸಿದಳು. ಅದರಲ್ಲಿದ್ದದ್ದು ಕಪ್ಪು ಹಿನ್ನೆಲೆಯ ಹಸುರು ಚುಕ್ಕೆಗಳ ಆ ಚಿತ್ರ. ಈಗ ಅದಕ್ಕೆ ಕಟ್ಟು ಹಾಕಿಸಿ, ನಡುಮನೆಯಲ್ಲಿ ತಾಜಮಹಲಿನ ಚಿತ್ರಕ್ಕೆಂದು ಮೊದಲೇ ಹೊಡೆಸಿಟ್ಟಿದ್ದ ಮೊಳೆಗೆ ತೂಗುಹಾಕಿದ್ದೇನೆ. ವಿಮಾನದಿಂದ ಕಂಡ ದೆಹಲಿಯ ದೀಪಗಳೇ ಎಂದು ಬಂದವರು ಕೇಳುತ್ತಾರೆ. ನಾನು ಬಟಾಣಿಯ ಸಿಪ್ಪೆಯಿಂದ ಆರಂಭಿಸಿ ವಿವರಿಸುತ್ತೇನೆ. ಕೆಲವರು ಮತ್ತೆ ಬಂದಿಲ್ಲ.

ಚಿತ್ರದ ಹಿಂಬದಿಯಲ್ಲಿ ರೆಹಾನಾ ಪೆನ್ಸಿಲಿನಲ್ಲಿ ಬರೆದಿದ್ದಾಳೆ: ‘ಎರಡನೇ ಬ್ಯಾಚ್, ಮೊಟ್ಟೆ ಸಂಖ್ಯೆ ಹನ್ನೊಂದು. ತಂದವರು: ಟೀಚರ್.’ ಅದರ ಕೆಳಗೆ ದಪ್ಪನೆಯ ಬಾಣದ ಗುರುತೊಂದನ್ನು ಎಳೆದು, ‘ಈ ಬದಿ ಮೇಲೆ’ ಎಂದೂ ಸೂಚಿಸಿದ್ದಾಳೆ.

ಬಾಣ ತುಸು ಓರೆಯಾಗಿದೆ. ಆದರೂ ಅದು ತೋರಿಸಿದ ದಿಕ್ಕಿಗೇ ಚಿತ್ರವನ್ನು ತೂಗುಹಾಕಿದ್ದೇನೆ. ನೇರ ಮಾಡಲು ಹೋಗಿಲ್ಲ.